ಪಾಠಕ್ಕೆ ರಜೆ, ಸುದ್ದಿಗಿಲ್ಲ

ವಿಶ್ವವಿದ್ಯಾನಿಲಯದಲ್ಲಿ ಕೆಲಸ ಹೆಚ್ಚಾಗಿ ನಡೆಯುವುದು ಯಾವ ತಿಂಗಳಲ್ಲಿ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಕೆಲವರು ಉತ್ತರ ಕೊಡದೆ ನಕ್ಕು ಸುಮ್ಮನಾಗುತ್ತಾರೆ. ಆದರೆ ಸುದ್ದಿ ಹೆಚ್ಚಾಗಿ ಹುಟ್ಟುವುದು ಯಾವಾಗ ಎಂದು ಕೇಳಿ ನೋಡಿ. ಮೈಸೂರಿನಲ್ಲಿ ಓದಿದವರಾಗಲಿ, ಓದಿಸಿದವರಾಗಲಿ, ಎರಡೂ ಮಾಡದೆ ಸರಸ್ವತೀಪುರಂನಲ್ಲಿ ಮನೆ ಕಟ್ಟಿಕೊಂಡು ಕೂತವರಾಗಲಿ, ಒಂದೇ ಉತ್ತರ ಹೇಳುತ್ತಾರೆ: ಬೇಸಿಗೆಯಲ್ಲಿ. ಪಾಠ ನಡೆಯುವಾಗ ಮೇಷ್ಟ್ರಿಗೆ ಪಾಠದ ಚಿಂತೆ, ಹುಡುಗರಿಗೆ ಹಾಜರಿಯ ಚಿಂತೆ, ಆಫೀಸಿನವರಿಗೆ ಇವರಿಬ್ಬರ ಚಿಂತೆ. ರಜೆ ಬಂತೆಂದರೆ ಎಲ್ಲರ ನಾಲಗೆಯೂ ಖಾಲಿ. ಕೆಲಸವಿಲ್ಲದ ಬಡಗಿ ಏನು ಮಾಡಿದನೆಂಬ ಗಾದೆ ನಿಮಗೆ ಗೊತ್ತೇ ಇದೆ, ಮರ್ಯಾದಸ್ಥರ ಮನೆಗೆ ಬರುವ ಪತ್ರಿಕೆಯಲ್ಲಿ ಅದನ್ನು ಪೂರ್ತಿ ಬರೆಯುವುದು ಬೇಡ.

ನಾನು ಹೇಳುತ್ತಿರುವುದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ವಿಷಯ. ಊರವರ ಬಾಯಲ್ಲಿ ಬರೀ ಗಂಗೋತ್ರಿ. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಸ್ನಾತಕೋತ್ತರ ವಿಭಾಗಗಳಿಗೆಲ್ಲ ಒಂದು ನೆಲೆ ಬೇಕೆಂದು ಕುಕ್ಕರಹಳ್ಳಿ ಕೆರೆಯ ಆಚೆಗೆ ಕಟ್ಟಲು ಹೊರಟ ಜ್ಞಾನನಗರ ಅದು, ಹೆಸರಿಟ್ಟವರೂ ಅವರೇ. ಕವಿಯನ್ನು ಆಡಳಿತಕ್ಕೆ ಕೂರಿಸಿದರೆ ಏನಾಗುತ್ತದೋ ಎಂದು ಆಗ ಮೂಗೆಳೆದವರು ಇದ್ದಿರಲೇಬೇಕು, ಮೈಸೂರಲ್ಲವೇ? ಏನಾಯಿತೆಂದರೆ, ಏಳುನೂರು ಎಕರೆ ಮೀರಿದ ಜಾಗದಲ್ಲಿ ಕಟ್ಟಡಗಳಿಗಿಂತ ಮರಗಳು ಹೆಚ್ಚಿರುವ ಒಂದು ವಿದ್ಯಾನಗರವಾಯಿತು. ಏಪ್ರಿಲ್ ಕೊನೆಗೆ ಆ ಮರಗಳ ದರ್ಬಾರು ನೋಡಬೇಕು. ಗುಲ್‌ಮೊಹರ್ ಕೆಂಪಗೆ ಉರಿಯುತ್ತಿರುತ್ತದೆ, ರಸ್ತೆಯ ಮೇಲೆ ಹಳದಿ ಹೂವು ಉದುರಿ ಗುಡಿಸುವವರಿಗೆ ಕೆಲಸ ಕೊಡುತ್ತಿರುತ್ತದೆ. ಇಷ್ಟು ಚಂದ ಕಾಣುವ ಹೊತ್ತಿಗೆ ಸರಿಯಾಗಿ ಹುಡುಗ ಹುಡುಗಿಯರೆಲ್ಲ ಊರಿಗೆ ಹೋಗಿರುತ್ತಾರೆ. ಇದೆಂಥ ಏರ್ಪಾಡೋ, ತಿಳಿಯದು.

ಎಲ್ಲರೂ ಹೋಗಿರುತ್ತಾರೆ ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ರಜೆಯ ಗಡಿಗಳೇ ಕಲಸಿಹೋಗಿವೆ. ಒಂದು ವಿಭಾಗದಲ್ಲಿ ಪರೀಕ್ಷೆ ನಡೆಯುತ್ತಿದ್ದರೆ ಪಕ್ಕದ ವಿಭಾಗಕ್ಕೆ ಬೀಗ. ಇವರಾರೂ ಇಲ್ಲದಿದ್ದರೂ ಇರುವವರೆಂದರೆ ಸಂಶೋಧನಾ ವಿದ್ಯಾರ್ಥಿಗಳು. ಪಿಎಚ್.ಡಿ. ಮಾಡುವವನಿಗೆ ಬೇಸಿಗೆ ಎಂಬ ಋತುವಿಲ್ಲ. ಅವನಿಗಿರುವುದು ಎರಡೇ ಋತು, ಗೈಡ್ ಊರಲ್ಲಿರುವ ಕಾಲ ಮತ್ತು ಇಲ್ಲದಿರುವ ಕಾಲ. ಮೊದಲನೆಯದರಲ್ಲಿ ಅವನು ಗೈಡನ್ನು ತಪ್ಪಿಸಿಕೊಂಡು ಓಡಾಡುತ್ತಾನೆ, ಎರಡನೆಯದರಲ್ಲಿ ಅವರನ್ನು ಹುಡುಕಿಕೊಂಡು ಓಡಾಡುತ್ತಾನೆ. ಹಾಸ್ಟೆಲಿನಲ್ಲಿ ಜನ ಕಡಿಮೆಯಾದಾಗ ಅಡುಗೆಯವರಿಗೆ ಇದ್ದಕ್ಕಿದ್ದಂತೆ ಉಳಿದವರ ಮೇಲೆ ವಾತ್ಸಲ್ಯ ಬರುತ್ತದೆ. ವರ್ಷವಿಡೀ "ಮುಂದೆ ಹೋಗು, ಮುಂದೆ ಹೋಗು" ಎನ್ನುತ್ತಿದ್ದವರು ಮೇ ತಿಂಗಳಲ್ಲಿ "ಇನ್ನೊಂದು ಮುದ್ದೆ ಹಾಕಿಸಿಕೊಳ್ಳಪ್ಪ, ಯಾಕಿಷ್ಟು ಸೊರಗಿದ್ದೀಯ?" ಎನ್ನುತ್ತಾರೆ. ಮುದ್ದೆಯ ಜೊತೆ ಬಡಿಸುವುದು ಸೊಪ್ಪಿನ ಸಾರನ್ನಷ್ಟೇ ಅಲ್ಲ. ಯಾವ ವಾರ್ಡನ್ ಬದಲಾಗುತ್ತಾರೆ, ಯಾರ ಪ್ರಬಂಧ ಯಾವ ಪರೀಕ್ಷಕರ ಮೇಜಿನ ಮೇಲೆ ಕೂತಿದೆ, ಎಲ್ಲವೂ ಬಿಸಿಬಿಸಿಯಾಗಿ ತಟ್ಟೆಗೆ ಬೀಳುತ್ತದೆ. ಆಫೀಸಿನಲ್ಲಿ ಅರ್ಜಿ ಕೊಟ್ಟು ಕೇಳಿದರೂ ಸಿಗದ ಮಾಹಿತಿ ಅಡುಗೆಮನೆಗೆ ಹೇಗೆ ಬರುತ್ತದೆ ಎಂಬುದರ ಮೇಲೇ ಯಾರಾದರೂ ಪಿಎಚ್.ಡಿ. ಮಾಡಬಹುದು. ಗೈಡ್ ಸಿಗಬೇಕಷ್ಟೆ.

ಸುದ್ದಿಗಳಲ್ಲಿ ಸುದ್ದಿ, ಬೇಸಿಗೆಯ ರಾಜಸುದ್ದಿ ಎಂದರೆ ಮುಂದಿನ ಕುಲಪತಿ ಯಾರು ಎಂಬುದು. ನಮ್ಮ ರಾಜ್ಯದ 2000ದ ಕಾಯಿದೆಯ ಪ್ರಕಾರ ಕುಲಪತಿಗಳ ಅವಧಿ ನಾಲ್ಕು ವರ್ಷ. ಒಂದು ಶೋಧನಾ ಸಮಿತಿ ಕೂತು, ಹೆಸರುಗಳನ್ನು ಆರಿಸಿ, ಅಕ್ಷರಾನುಕ್ರಮದಲ್ಲಿ ಬರೆದು ಕಳಿಸಬೇಕು. ಕುಲಾಧಿಪತಿಗಳಾದ ರಾಜ್ಯಪಾಲರು ನೇಮಿಸಬೇಕು. ಅಕ್ಷರಾನುಕ್ರಮ ಏಕೆಂದರೆ, ಮೊದಲ ಹೆಸರಿನವರು ತಾವೇ ಮೊದಲಿಗರೆಂದು ಬೀಗಬಾರದು ಎಂದಿರಬೇಕು. ಕಾಯಿದೆ ಬರೆದವರು ಮನುಷ್ಯಸ್ವಭಾವ ಬಲ್ಲವರು. ಆದರೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವ ಸಮಿತಿಗೆ ಇಂಥ ಕಟ್ಟುಪಾಡಿಲ್ಲ. ಅದು ಪ್ರತಿದಿನ ಕೂಡುತ್ತದೆ, ನಡೆಯುತ್ತಲೇ ಕೂಡುತ್ತದೆ. ಅಲ್ಲಿರುವವರು ನಿವೃತ್ತ ಪ್ರಾಧ್ಯಾಪಕರು, ನಿವೃತ್ತ ಎಂಜಿನಿಯರುಗಳು, ನಿವೃತ್ತರಾಗಲಿರುವ ಗುಮಾಸ್ತರು, ಮತ್ತು ಇವರ ಮಾತು ಕೇಳಿಸಿಕೊಳ್ಳಲೆಂದೇ ನಿಧಾನ ನಡೆಯುವ ನನ್ನಂಥವರು. ಕೆರೆಯ ಈ ತುದಿಯಲ್ಲಿ "ಆ ಹೆಸರೂ ಓಡುತ್ತಿದೆಯಂತೆ" ಎಂದು ಹೊರಟ ಸುದ್ದಿ ಅರ್ಧ ಸುತ್ತು ಮುಗಿಯುವಾಗ "ಬಹುತೇಕ ಅವರೇ" ಎಂದಾಗಿರುತ್ತದೆ. ಸುತ್ತು ಪೂರ್ತಿಯಾಗಿ ಬಾಗಿಲ ಬಳಿ ಬರುವಷ್ಟರಲ್ಲಿ ಆ ಮಹನೀಯರು ಅಧಿಕಾರ ವಹಿಸಿಕೊಂಡು, ಇಬ್ಬರನ್ನು ವರ್ಗ ಮಾಡಿ, ಒಂದು ಹಗರಣದಲ್ಲಿ ಸಿಕ್ಕಿಬಿದ್ದೂ ಆಗಿರುತ್ತದೆ. ನಾಳೆ ಬೆಳಿಗ್ಗೆ ಬೇರೆಯವರ ಸರದಿ.

ಕೆರೆಯ ಮಾತು ಬಂತಲ್ಲ, ಅದನ್ನು ಬಿಟ್ಟು ಮುಂದೆ ಹೋಗುವುದುಂಟೇ? 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ನೀರಿಗೆಂದು ಕಟ್ಟಿಸಿದ ಕೆರೆ ಇದು. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅಂದರೆ ಕೆರೆಯೇ ಹಿರಿಯದು. ಮೇಷ್ಟ್ರುಗಳು ಅದರ ಸುತ್ತ ಪ್ರದಕ್ಷಿಣೆ ಬರುವುದರಲ್ಲಿ ತಪ್ಪೇನಿಲ್ಲ. ಚಳಿಗಾಲದಲ್ಲಿ ಎಲ್ಲಿಂದಲೋ ಬಂದ ಬಾತುಗಳು ಬಿಸಿಲೇರುವ ಹೊತ್ತಿಗೆ ತಮ್ಮ ತಮ್ಮ ಊರಿಗೆ ಹಾರಿರುತ್ತವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆಗಳು ಮಾತ್ರ ಖಾಯಂ ನೌಕರರ ಗತ್ತಿನಲ್ಲಿ ನಡುಗಡ್ಡೆಯ ಮರಗಳ ಮೇಲೆ ಕೂತಿರುತ್ತವೆ. ಹೆಜ್ಜಾರ್ಲೆ ನೀರಿಗಿಳಿಯುವುದನ್ನು ನೀವು ನೋಡಿದ್ದೀರಾ? ಅಷ್ಟು ದೊಡ್ಡ ದೇಹ, ಅಷ್ಟು ದೊಡ್ಡ ಚೀಲದ ಕೊಕ್ಕು, ಆದರೂ ಅವಸರವಿಲ್ಲ, ಸದ್ದಿಲ್ಲ. ನನ್ನ ಜೊತೆ ನಡೆಯುವ ಭೌತಶಾಸ್ತ್ರದ ಹಳೆಯ ಮೇಷ್ಟ್ರು ಅದನ್ನು ನೋಡಿದಾಗಲೆಲ್ಲ ನಿಂತು, "ಹಿರಿಯ ಪ್ರಾಧ್ಯಾಪಕರು ಸೆನೆಟ್ ಸಭೆಗೆ ಬಂದಂತಿದೆ ಕಣ್ರೀ" ಎನ್ನುತ್ತಾರೆ. ಅವರು ಹಾಗೆ ಹೇಳುವುದು ನಡಿಗೆಯ ನಡುವೆ ಉಸಿರು ತೆಗೆದುಕೊಳ್ಳಲು ಎಂಬುದು ನಮಗೆಲ್ಲ ಗೊತ್ತು. ಯಾರೂ ಆಡುವುದಿಲ್ಲ, ನಾವೂ ನಿಲ್ಲಬೇಕಲ್ಲ.

ಈ ಕೆರೆಯ ದಂಡೆಯಲ್ಲಿ ಫೇಲಾದ ಹುಡುಗನೊಬ್ಬ ಓದುತ್ತಾ, ಸುತ್ತುತ್ತಾ ಒಂದು ವರ್ಷ ಕಳೆದದ್ದುಂಟು. ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅವನು ಪಾಸಾಗಲಿಲ್ಲ. ತಂದೆ ಮಹಾರಾಜ ಹೈಸ್ಕೂಲಿನ ಮುಖ್ಯೋಪಾಧ್ಯಾಯರು ಬೇರೆ. ಮುಖ್ಯೋಪಾಧ್ಯಾಯರ ಮಗ ಫೇಲು ಎಂದರೆ ಬಿಡುತ್ತಾರೆಯೇ ಊರಿನವರು? ಅಂದಿನ ಮೈಸೂರಿನಲ್ಲಿ ಅದೆಷ್ಟು ಜಗಲಿಗಳಲ್ಲಿ ಆ ಸುದ್ದಿ ಕಾಫಿಯ ಜೊತೆ ಖರ್ಚಾಗಿರಬೇಕು! ಹುಡುಗ ಮುಂದೆ ಮಹಾರಾಜ ಕಾಲೇಜು ಸೇರಿ, ಅಲ್ಲಿಯೂ ಅವಸರ ಮಾಡದೆ 1930ರಲ್ಲಿ ಬಿ.ಎ. ಮುಗಿಸಿದ. ಹೆಸರು ಆರ್.ಕೆ. ನಾರಾಯಣ್. ಫೇಲು ಮಾಡಿದ ವಿಶ್ವವಿದ್ಯಾನಿಲಯವೇ ಮುಂದೆ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ಇದನ್ನು ಫೇಲಾದ ಮಕ್ಕಳಿಗೆ ಸಮಾಧಾನಕ್ಕೆಂದು ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ, ಹಿಂದೊಮ್ಮೆ ಹೇಳಿದವರಿಗೆ ಫೇಲಾದ ಹುಡುಗನೊಬ್ಬ, "ಹಾಗಾದರೆ ನಾನೂ ಕೆರೆ ಸುತ್ತಿಕೊಂಡಿರಲೇ?" ಎಂದು ಕೇಳಿದನಂತೆ.

ಫಲಿತಾಂಶವೂ ಬೇಸಿಗೆಯ ಬೆಳೆಯೇ. ಒಂದು ಕಾಲದಲ್ಲಿ ಸೂಚನಾ ಫಲಕದ ಮುಂದೆ ನೂಕುನುಗ್ಗಲು, ಬೆರಳಿಟ್ಟು ನೋಂದಣಿ ಸಂಖ್ಯೆ ಹುಡುಕುವುದು, ಒಬ್ಬ ಎತ್ತರದವನು ಮುಂದೆ ನಿಂತು ಹಿಂದಿನವರಿಗೆಲ್ಲ ಓದಿ ಹೇಳುವುದು. ಆ ಎತ್ತರದವನು ಆ ಹೊತ್ತಿಗೆ ಯಮಧರ್ಮನೂ ಹೌದು, ಚಿತ್ರಗುಪ್ತನೂ ಹೌದು. ಈಗ ಎಲ್ಲ ಮೊಬೈಲಿನಲ್ಲೇ ಬರುತ್ತದೆ. ಪಾಸೋ ಫೇಲೋ ಹಾಸಿಗೆಯಲ್ಲೇ ತಿಳಿಯುತ್ತದೆ. ಅನುಕೂಲವೇನೋ ಹೌದು. ಆದರೆ ಪಕ್ಕದಲ್ಲಿ ನಿಂತವನ ಭುಜ ಹಿಡಿದುಕೊಳ್ಳುವುದು ತಪ್ಪಿತಲ್ಲ. ಇತ್ತ ಮೌಲ್ಯಮಾಪನಕ್ಕೆಂದು ಬೇರೆ ಬೇರೆ ಊರುಗಳ ಕಾಲೇಜುಗಳಿಂದ ಬಂದ ಮೇಷ್ಟ್ರುಗಳ ಗುಂಪೊಂದು ಇರುತ್ತದೆ. ಉತ್ತರಪತ್ರಿಕೆಯ ಕಟ್ಟು ಬಿಚ್ಚುವ ಮುಂಚೆ ಇವರು ಬಿಚ್ಚುವುದು ಸುದ್ದಿಯ ಕಟ್ಟು: ಹಾಸನದಲ್ಲಿ ಯಾರಿಗೆ ಬಡ್ತಿ, ಮಂಡ್ಯದಲ್ಲಿ ಯಾರು ಯಾರ ಮೇಲೆ ದೂರು ಕೊಟ್ಟರು, ಚಾಮರಾಜನಗರದಲ್ಲಿ ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ. ಅಲ್ಲಿ ಕುದುರಿದ ಸಂಬಂಧಗಳು ಎಷ್ಟೋ. ಪಾಪ, ಅದೇ ಕೋಣೆಯಲ್ಲಿ ತನ್ನ ಪತ್ರಿಕೆಯನ್ನು ತಿದ್ದಲಾಗುತ್ತಿದೆ ಎಂದು ಊರಲ್ಲಿ ಒಬ್ಬ ಹುಡುಗ ದೇವರಿಗೆ ಹರಕೆ ಹೊತ್ತಿರುತ್ತಾನೆ. ಗಂಡಿನ ಕಡೆಯವರು ಒಪ್ಪಿದ ದಿನ ಅವನ ಪತ್ರಿಕೆ ಕೈಗೆ ಬಂದರೆ ಅವನ ಪುಣ್ಯ.

ಸಂಬಂಧ ಎಂದ ಮೇಲೆ ಮದುವೆ. ಮೇ ತಿಂಗಳ ವಿಭಾಗದ ಸೂಚನಾ ಫಲಕ ನೋಡಿ, ಸುತ್ತೋಲೆಗಳ ಮೇಲೆ ಲಗ್ನಪತ್ರಿಕೆಗಳು. ಕುಲಸಚಿವರ ಸಹಿ ಇರುವ ಕಾಗದವನ್ನು ಗಣಪತಿಯ ಚಿತ್ರವಿರುವ ಕಾಗದ ಮುಚ್ಚಿರುತ್ತದೆ. ತೆಗೆಯಲು ಯಾರಿಗೂ ಧೈರ್ಯವಿಲ್ಲ. ಎಂ.ಎ. ತರಗತಿಯಲ್ಲಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದವರು ಒಂದೇ ಪತ್ರಿಕೆಯಲ್ಲಿ ಕಾಣಿಸಿಕೊಂಡಾಗ "ನನಗೆ ಮೊದಲೇ ಗೊತ್ತಿತ್ತು" ಎನ್ನದವರೇ ಇಲ್ಲ. ನಿಜವಾಗಿ ಗೊತ್ತಿದ್ದದ್ದು ಕ್ಯಾಂಟೀನಿನವರಿಗೊಬ್ಬರಿಗೇ, ಬೈಟು ಕಾಫಿಯ ಲೆಕ್ಕ ಬರೆಯುತ್ತಿದ್ದವರು ಅವರಲ್ಲವೇ? ಛತ್ರದಲ್ಲಿ ಮೇಷ್ಟ್ರನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಾರೆ. ಮದುಮಗ ಕಾಲಿಗೆ ಬೀಳುತ್ತಾನೆ. ಎರಡು ವರ್ಷ ಪಾಠದ ಹೊತ್ತಿನಲ್ಲಿ ಕಣ್ಣಿಗೆ ಬೀಳದವನು ಅಂದು ಕಾಲಿಗಾದರೂ ಬಿದ್ದನಲ್ಲ ಎಂದು ಮೇಷ್ಟ್ರಿಗೂ ತೃಪ್ತಿ.

ಮದುವೆಯಷ್ಟೇ ಹೆಚ್ಚಾಗಿ ನಡೆಯುವ ಇನ್ನೊಂದು ಸಮಾರಂಭ ಬೀಳ್ಕೊಡುಗೆ. ಮೇ 31ಕ್ಕೆ ಇಷ್ಟೊಂದು ಜನ ಏಕೆ ನಿವೃತ್ತರಾಗುತ್ತಾರೆಂದು ನೀವು ಯೋಚಿಸಿದ್ದೀರಾ? ಹಳೆಯ ತಲೆಮಾರಿನವರ ಹುಟ್ಟಿದ ದಿನ ತಾಯಿಗೆ ಗೊತ್ತಿದ್ದುದು ಹಬ್ಬ, ಮಳೆನಕ್ಷತ್ರಗಳ ಲೆಕ್ಕದಲ್ಲಿ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಬಲಗೈಯಿಂದ ತಲೆ ಬಳಸಿ ಎಡಗಿವಿ ಮುಟ್ಟಿಸಿ, ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸರ್ಕಾರಿ ನಿಯಮ. ಹೀಗಾಗಿ ಅಂದು ಹೆಡ್‌ಮಾಸ್ತರರು ಎಳೆದ ಒಂದು ಗೆರೆಗೆ ಇಂದು ಗಂಗೋತ್ರಿಯಲ್ಲಿ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಭಾಷಣಗಳಲ್ಲಿ ಎಲ್ಲರೂ ಅಜಾತಶತ್ರುಗಳೇ. ಒಬ್ಬ ಅಜಾತಶತ್ರುವನ್ನು ಹೊಗಳಲು ಇನ್ನೊಬ್ಬ ಅಜಾತಶತ್ರು ವೇದಿಕೆ ಹತ್ತಲು ಒಪ್ಪದ ಸಂದರ್ಭಗಳೂ ಉಂಟು, ಅದು ಬೇರೆ ಮಾತು.

ಬೀಳ್ಕೊಡುಗೆ ಎಂದರೆ ರಾಧಾಕೃಷ್ಣನ್ ಅವರದು, ಬಿಡಿ. 1918ರಲ್ಲಿ ಮಹಾರಾಜ ಕಾಲೇಜಿಗೆ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದವರು 1921ರಲ್ಲಿ ಕಲ್ಕತ್ತಕ್ಕೆ ಹೊರಟು ನಿಂತಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯ ಕುದುರೆ ಬಿಚ್ಚಿ, ತಾವೇ ನೊಗ ಹಿಡಿದು ರೈಲುನಿಲ್ದಾಣದವರೆಗೆ ಎಳೆದರು. ಮುಂದೆ ರಾಷ್ಟ್ರಪತಿಗಳಾಗುತ್ತಾರೆಂದು ಅಂದು ಯಾರಿಗೆ ಗೊತ್ತಿತ್ತು? ಎಳೆದದ್ದು ಮೇಷ್ಟ್ರನ್ನು. ಈ ಕತೆಯನ್ನು ಪ್ರತಿ ಬೀಳ್ಕೊಡುಗೆಯಲ್ಲೂ ಒಬ್ಬರು ಹೇಳುತ್ತಾರೆ. ಹೇಳಿದಾಗ ನಿವೃತ್ತರಾಗುವವರು ಕಿಟಕಿಯಾಚೆ ನಿಂತ ತಮ್ಮ ಸ್ಕೂಟರಿನ ಕಡೆ ನೋಡುತ್ತಾರೆ.

ಏನು ಹೇಳುತ್ತಿದ್ದೆ? ಹಾಂ, ಸುದ್ದಿ. ಈ ವಿಶ್ವವಿದ್ಯಾನಿಲಯದವರಿಗೆ ಸುದ್ದಿ ಹರಡುವ ಚಟ ಇಂದಿನದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಶುರುಮಾಡಿದರು. ಮೂವತ್ತು ವ್ಯಾಟಿನ ಪುಟ್ಟ ಯಂತ್ರ. ನಮ್ಮ ಮನೆಯ ಒಂದು ಬಲ್ಬಿಗೂ ಅದಕ್ಕಿಂತ ಹೆಚ್ಚು ಉರಿಯುವ ಯೋಗವಿತ್ತು, ಎಲ್‌ಇಡಿ ಬರುವ ತನಕ. ಅದಕ್ಕೆ ಆಕಾಶವಾಣಿ ಎಂಬ ಹೆಸರು. ಮುಂದೆ ದೇಶದ ರೇಡಿಯೋಗೇ ಆ ಹೆಸರು ಬಂತು. ಹೆಸರು ಸೂಚಿಸಿದವರು ಗೋಪಾಲಸ್ವಾಮಿಯವರೇ ಎನ್ನುವವರಿದ್ದಾರೆ, ಅವರ ಜೊತೆಗಿದ್ದ ಹಾಸ್ಯಸಾಹಿತಿ ನಾ. ಕಸ್ತೂರಿ ಎನ್ನುವವರೂ ಇದ್ದಾರೆ. ಕೆರೆ ಏರಿಯ ಮೇಲೆ ಎರಡು ಪಕ್ಷಕ್ಕೂ ಖಾಯಂ ವಕೀಲರಿದ್ದಾರೆ, ರಾಜಿಯಾಗುವ ಲಕ್ಷಣವಿಲ್ಲ. ಯೋಚನೆ ಮಾಡಿ: ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಯಾರ ಕಸುಬೋ, ಅವರೇ ಅದನ್ನು ಊರಿಗೆಲ್ಲ ಕೇಳಿಸುವ ಯಂತ್ರ ತಂದಿಟ್ಟರು!

ಇದಕ್ಕಿಂತ ಹಳೆಯ ಸುದ್ದಿಯೊಂದಿದೆ, ಲೋಕಕ್ಕೆ ಗೊತ್ತಾದದ್ದು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟು ಹೋದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರೆ, ಹೆಸರಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಆ ಭಂಡಾರ ಮುಂದೆ ವಿಶ್ವವಿದ್ಯಾನಿಲಯದ ಮಡಿಲಿಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋದಾಗ ಅಲ್ಲಿಯ ವಿದ್ವಾಂಸರು, "ಶಾಮಶಾಸ್ತ್ರಿಗಳ ಮೈಸೂರಿನ ದೊರೆಯೇ ನೀವು?" ಎಂದು ಕೇಳಿದರೆಂದು ನಮ್ಮಲ್ಲೊಂದು ಕತೆ. ದೊರೆ ಹಿಂದಿರುಗಿ ಬಂದು ಶಾಸ್ತ್ರಿಗಳಿಗೆ, "ಇಲ್ಲಿ ನೀವು ನಮ್ಮ ಪ್ರಜೆ, ಅಲ್ಲಿ ನಾವು ನಿಮ್ಮ ದೊರೆ ಅಷ್ಟೆ" ಎಂಬರ್ಥ ಬರುವಂತೆ ಹೇಳಿದರಂತೆ. ನಡೆದದ್ದೋ, ಏರಿಯ ಮೇಲೆ ಬೆಳೆದದ್ದೋ, ಕತೆ ಚೆನ್ನಾಗಿದೆ. ಅದಿರಲಿ, ಸುತ್ತೋಲೆಯೇ ಇಲ್ಲದೆ ಕೈಗೆ ಬಂದ ಒಂದು ಕಟ್ಟಿನಿಂದ ಊರಿಗೆ ಎಂಥ ಹೆಸರು ಬಂತು ನೋಡಿ.

ಮಕ್ಕಳನ್ನು ಮರೆತೆ. ಏಪ್ರಿಲ್ ಬಂತೆಂದರೆ ಕಲಾಮಂದಿರದ ಪಕ್ಕದ ರಂಗಾಯಣದಲ್ಲಿ ಚಿಣ್ಣರ ಮೇಳ. ಮೊಮ್ಮಕ್ಕಳನ್ನು ಬೆಳಿಗ್ಗೆ ಅಲ್ಲಿಗೆ ಬಿಟ್ಟ ತಾತಂದಿರಿಗೆ ಕೆರೆಯ ಕಡೆ ಬರಲು ಗಟ್ಟಿ ನೆಪ. ಸಂಜೆಗೆ ಬೆಂಗಳೂರಿನ ನೆಂಟರನ್ನು ಕಟ್ಟಿಕೊಂಡು ಜಯಲಕ್ಷ್ಮೀವಿಲಾಸದ ಕಡೆಗೆ. 1905ರಲ್ಲಿ ರಾಜಕುಮಾರಿಗೆಂದು ಕಟ್ಟಿಸಿದ ಅರಮನೆ, ಮುಂದೆ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದ ಮನೆಯಾಯಿತು. ರಾಜಕುಮಾರಿಯ ಮನೆಯಲ್ಲಿ ಬೀಸುವ ಕಲ್ಲು, ಭೂತದ ಮೊಗ, ತೊಗಲುಗೊಂಬೆ, ಕೂರಿಗೆಗಳನ್ನು ತಂದಿಟ್ಟವರ ಬುದ್ಧಿಯನ್ನು ಮೆಚ್ಚಬೇಕು. ಅಲ್ಲಿಂದ ಮುಂದೆ ಬಂದರೆ ಭಾರತೀಯ ಭಾಷಾ ಸಂಸ್ಥಾನದ ಕಡೆಯಿಂದ ಬರುವ, ಬೇರೆ ರಾಜ್ಯದಿಂದ ಹತ್ತು ತಿಂಗಳ ತರಬೇತಿಗೆಂದು ಬಂದು ಕನ್ನಡ ಕಲಿತ ಮೇಷ್ಟ್ರುಗಳು ಎದುರಾಗಬಹುದು. ಎಳನೀರಿನವನೊಡನೆ ಅವರು "ದಯವಿಟ್ಟು ಒಂದು ಎಳನೀರನ್ನು ಕೊಡುವಿರಾ?" ಎಂದರೆ ಅವನು ಮಚ್ಚು ಕೆಳಗಿಟ್ಟು ನೋಡುತ್ತಾನೆ. ಅವನ ಬದುಕಿನಲ್ಲಿ ಮೈಸೂರಿನ ಯಾವ ಪ್ರಾಧ್ಯಾಪಕರೂ ಅವನನ್ನು ಬಹುವಚನದಲ್ಲಿ ಮಾತಾಡಿಸಿಲ್ಲ.

ಇಷ್ಟರಲ್ಲಿ ಒಂದು ಮಧ್ಯಾಹ್ನ ಚಾಮುಂಡಿಬೆಟ್ಟದ ಕಡೆ ಮೋಡ ಕಟ್ಟಿ, ಧೂಳೆದ್ದು, ಟಪಟಪನೆ ಹನಿ ಬೀಳುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದರು ರೈತರು. ಗಂಗೋತ್ರಿಯಲ್ಲಿ ಭರಣಿ ಮಳೆಗೆ ಬೆಳೆಯುವುದು ಪ್ರವೇಶದ ಸುದ್ದಿ. ಈ ವರ್ಷ ಯಾವ ವಿಭಾಗಕ್ಕೆ ಅರ್ಜಿ ಹೆಚ್ಚು, ಕನ್ನಡಕ್ಕೆ ಎಷ್ಟು ಜನ, ಹಾಸ್ಟೆಲಿನಲ್ಲಿ ಜಾಗವಿದೆಯೇ, ಅತಿಥಿ ಉಪನ್ಯಾಸಕರಿಗೆ ಈ ಸಲವಾದರೂ ಸಂಬಳ ಸಕಾಲಕ್ಕೆ ಸಿಗುವುದೇ. ಕೊನೆಯದು ಹರಟೆಯ ವಿಷಯವಲ್ಲ, ಆದರೂ ಏರಿಯ ಮೇಲೆ ಅದರ ಮಾತು ಬಂದಾಗ ಎಲ್ಲರ ನಡಿಗೆಯೂ ಸ್ವಲ್ಪ ನಿಧಾನವಾಗುತ್ತದೆ. ಊರಿಂದ ತಂದೆಯ ಜೊತೆ ಬಂದ ಹುಡುಗಿಯೊಬ್ಬಳು ವಿಶ್ವವಿದ್ಯಾನಿಲಯದ ಕಚೇರಿಯಾದ ಕ್ರಾಫರ್ಡ್ ಹಾಲಿನ ಮುಂದೆ ನಿಂತು ಯಾವ ಕಿಟಕಿಗೆ ಹೋಗಬೇಕೆಂದು ಕೇಳುತ್ತಾಳೆ. ಮೂವರು ಮೂರು ಕಿಟಕಿ ತೋರಿಸುತ್ತಾರೆ. ಅಲ್ಲಿಗೆ ಬೇಸಿಗೆ ಮುಗಿಯಿತೆಂದು ತಿಳಿಯಬೇಕು.

ಮೈಸೂರಿಗೆ ಬರುವವರೆಲ್ಲ ಅರಮನೆ, ಮೃಗಾಲಯ, ಬೃಂದಾವನ ಎಂದು ಓಡುತ್ತೀರಿ. ಮುಂದಿನ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬೇಗ ಎದ್ದು ಕುಕ್ಕರಹಳ್ಳಿ ಕೆರೆಯ ಏರಿಗೆ ಬನ್ನಿ. ಪರಿಚಯ ಬೇಕಿಲ್ಲ, ಯಾರಾದರೂ ಇಬ್ಬರು ಹಿರಿಯರ ಹಿಂದೆ ನಾಲ್ಕು ಹೆಜ್ಜೆ ಅಂತರದಲ್ಲಿ ನಡೆದರೆ ಸಾಕು. ಹೊಸ ಸುದ್ದಿ ಏನಾದರೂ ಕಿವಿಗೆ ಬಿದ್ದರೆ ನನಗೂ ತಿಳಿಸಿ. ನಿಜವೋ ಸುಳ್ಳೋ ಎಂದು ವಿಚಾರಿಸುವ ಕಷ್ಟ ಮಾತ್ರ ತೆಗೆದುಕೊಳ್ಳಬೇಡಿ. ಖಚಿತವಾದ ಸುದ್ದಿಯ ಮೇಲೆ ಒಂದು ಸುತ್ತು ನಡೆಯುವಷ್ಟು ಮಾತು ಹುಟ್ಟುವುದಿಲ್ಲ.